ಕಡತದೊಳಗಿನ ಮಂಗಳಮ್ಮ

ಆ ಕಡತ ಸೌಮ್ಯಶ್ರೀಯ ಮೇಜಿಗೆ ಬಂದದ್ದು ಫೆಬ್ರವರಿಯ ಒಂದು ಸೋಮವಾರ. ಮೈಸೂರಿನ ಲಕ್ಷ್ಮೀಪುರಂನ ಹಳೆಯ ಹೆಂಚಿನ ಮನೆಯೊಂದರಲ್ಲಿ ನಡೆಯುವ ಕುಟುಂಬ ಸಲಹಾ ಕೇಂದ್ರದಲ್ಲಿ ಅವಳು ಏಳು ವರ್ಷದಿಂದ ಕೆಲಸಕ್ಕಿದ್ದಳು. ಮಕ್ಕಳ ವಿಚಾರ ನೋಡಿಕೊಳ್ಳುವ ಸಮಿತಿಯವರು ಆಗಾಗ ಇಂಥ ಕಡತ ಕಳಿಸುವುದಿತ್ತು. ಮಕ್ಕಳ ನಿಲಯದಲ್ಲಿ ಬೆಳೆಯುತ್ತಿರುವ ಮಗುವನ್ನು ಹೆತ್ತವರು ಮರಳಿ ಕೇಳಿದ್ದಾರೆ, ಕೊಡಬಹುದೋ ಬೇಡವೋ, ಮನೆ ನೋಡಿಕೊಂಡು ಬಂದು ವರದಿ ಕೊಡಿ ಅಂತ. ಈ ಬಾರಿ ಕೇಳಿದವಳು ಮಂಗಳಮ್ಮ ಎಂಬ ಹೆಂಗಸು. ಮಗಳ ಹೆಸರು ಪವಿತ್ರ, ವಯಸ್ಸು ಹದಿನೇಳು. ನಿಲಯ ಸೇರಿದಾಗ ಆರು. ತಾಯಿ ಅರ್ಜಿ ಹಾಕುತ್ತಿರುವುದು ಇದು ಐದನೆಯ ಸಲ.

ಸೌಮ್ಯಶ್ರೀ ಮೇಲಿನ ಹೊಸ ಕಾಗದದಿಂದ ತಳದ ಹಳೆಯದಕ್ಕೆ ಓದುತ್ತ ಹೋದಳು. ಎರಡು ವರ್ಷದ ಹಿಂದಿನ ವರದಿಯಲ್ಲಿ ‘ಮಗುವನ್ನು ಪದೇ ಪದೇ ತೊರೆದ ಇತಿಹಾಸವುಳ್ಳ ತಾಯಿ’ ಎಂದಿತ್ತು. ಅದಕ್ಕೂ ಮೂರು ವರ್ಷ ಹಿಂದಿನದರಲ್ಲಿ ‘ಮಗುವನ್ನು ತೊರೆದ ತಾಯಿ, ಜವಾಬ್ದಾರಿಯ ಅರಿವಿಲ್ಲ’. ಅದರ ಕೆಳಗಿನ ಎರಡರಲ್ಲೂ ಬರೀ ‘ತೊರೆದ ತಾಯಿ’. ಬರೆದವರು ಬೇರೆ ಬೇರೆ, ಸಹಿಗಳು ಬೇರೆ ಬೇರೆ. ಮಾತು ಮಾತ್ರ ಒಬ್ಬರಿಂದ ಒಬ್ಬರಿಗೆ ದಾಟುತ್ತ, ದಾಟಿದಾಗಲೆಲ್ಲ ಒಂದಿಷ್ಟು ಮೈ ತುಂಬಿಕೊಂಡಿತ್ತು. ಎಷ್ಟು ಸಲ ತೊರೆದಳು, ಯಾವಾಗ ತೊರೆದಳು ಅಂತ ಯಾವ ಪುಟದಲ್ಲೂ ಇರಲಿಲ್ಲ.

ಎಲ್ಲಕ್ಕಿಂತ ಕೆಳಗಿನ ವರದಿ ಕೈಬರಹದ್ದು. ದುಂಡನೆಯ ಅಕ್ಷರ, ಒಂದೂ ಚಿತ್ತಿಲ್ಲ. ‘ತಾಯಿಯು ಮಗುವನ್ನು ತೊರೆಯುವ ಪ್ರವೃತ್ತಿ ಹೊಂದಿರುವಂತೆ ಕಂಡುಬರುತ್ತದೆ. ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿರುತ್ತಾರೆ. ವಿಚಾರಣೆಯ ವೇಳೆ ನಗುತ್ತಿದ್ದು, ಪಶ್ಚಾತ್ತಾಪದ ಲಕ್ಷಣ ಕಂಡುಬಂದಿರುವುದಿಲ್ಲ.’ ಕೆಳಗೆ ಸಹಿ. ಸೌಮ್ಯಶ್ರೀ ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಅದು ಅವಳದೇ.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಅವಳಿಗೆ ಇಪ್ಪತ್ತನಾಲ್ಕು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಗುತ್ತಿಗೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಶ್ರೀರಾಂಪುರದ ಹೊಸ ಬಡಾವಣೆಯಿಂದ ಯಾರೋ ಫೋನ್ ಮಾಡಿದ್ದರು: ಕಟ್ಟುತ್ತಿರುವ ಮನೆಯ ಹಿಂದಿನ ಶೆಡ್ಡಿನಲ್ಲಿ ಪುಟ್ಟ ಹುಡುಗಿಯೊಂದನ್ನು ಕೂಡಿಹಾಕಿ ಬೀಗ ಹಾಕಿದ್ದಾರೆ, ನಿನ್ನೆ ಮಧ್ಯಾಹ್ನದಿಂದ ಯಾರೂ ಬಂದಿಲ್ಲ. ಪೊಲೀಸಿನವರು ಬೀಗ ಒಡೆದರು. ಹುಡುಗಿ ಅಳಲಿಲ್ಲ. ಬಕೆಟ್ಟಿನ ಪಕ್ಕದಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಎರಡು ಮೂರು ಗಂಟೆ ಕಳೆದ ಮೇಲೆ ತಾಯಿ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ, ಸುಮ್ಮನೆ ನಕ್ಕಳು. ಆ ನಗು ನೋಡಿ ಸೌಮ್ಯಶ್ರೀಗೆ ಮೈಯೆಲ್ಲ ಉರಿದಿತ್ತು. ಅಂದು ಸಂಜೆ ಒಂದೇ ಉಸಿರಿಗೆ ಬರೆದು ಮುಗಿಸಿದ್ದಳು. ಮೇಲಿನವರು, “ಚೆನ್ನಾಗಿ ಬರೆದಿದೀಯಮ್ಮ, ಸ್ಪಷ್ಟವಾಗಿದೆ” ಎಂದು ಮೆಚ್ಚಿದ್ದರು.

ಅವಳು ಕಡತ ಹಿಡಿದು ಕೇಂದ್ರದ ಮುಖ್ಯಸ್ಥೆ ಗಿರಿಜಾಂಬಾ ಅವರ ಕೋಣೆಗೆ ಹೋದಳು. ಗಿರಿಜಾಂಬಾ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಈ ಕೇಂದ್ರಕ್ಕೆ ಬಂದ ಮೇಲೆಯೇ ಸೌಮ್ಯಶ್ರೀ ಬೇರೆ ರೀತಿಯಲ್ಲಿ ಕೆಲಸ ಮಾಡುವುದನ್ನು ಕಲಿತದ್ದು. ಬಂದವರಿಗೆ ನಾವು ಹೆಸರಿಡಬಾರದು, ಅವರ ಕಷ್ಟಕ್ಕೆ ಅವರೇ ಏನು ಹೆಸರಿಡುತ್ತಾರೋ ಕೇಳಬೇಕು. ಒಳ್ಳೆಯ ತಾಯಿ, ಕೆಟ್ಟ ತಾಯಿ ಅನ್ನುವುದು ಮರದ ಮೇಲೆ ಬಿಟ್ಟ ಹಣ್ಣಲ್ಲ, ನಾಲ್ಕು ಜನ ಕೂತು ಮಾತಿನಲ್ಲಿ ಮಾಡಿದ್ದು ಎಂದು ಅವರು ಹೇಳುತ್ತಿದ್ದರು.

“ಇದನ್ನ ಬೇರೆ ಯಾರಿಗಾದ್ರೂ ಕೊಡಿ ಮೇಡಂ” ಎಂದಳು ಸೌಮ್ಯಶ್ರೀ.

ಗಿರಿಜಾಂಬಾ ತಳದ ಹಾಳೆಯನ್ನು ಎರಡು ಸಲ ಓದಿದರು. “ಕೊಡಬಹುದು. ಅವರೂ ಇದನ್ನೇ ಓದ್ಕೊಂಡು ಹೋಗ್ತಾರೆ ಅಷ್ಟೇ. ಇರೋದನ್ನ ಬರೀತೀವಿ ಅಂತ ನಾವು ಅಂದ್ಕೋತೀವಿ ಸೌಮ್ಯ. ಬರೆದ ಮೇಲೆ ಅದು ಇರೋದಕ್ಕೆ ಶುರು ಮಾಡುತ್ತೆ.” ಹಾಳೆಯನ್ನು ಕಡತಕ್ಕೆ ಸೇರಿಸಿ ಹೇಳಿದರು: “ನೀನೇ ಹೋಗು. ಆದ್ರೆ ಮೊದಲ ಮಾತಲ್ಲೇ ಇದು ಬರೆದೋಳು ನಾನೇ ಅಂತ ಹೇಳ್ಬೇಕು. ಆ ತಾಯಿಗೂ ಹೇಳು, ಸಮಿತಿಯವರಿಗೂ ಹೇಳು.”

ಮಂಗಳಮ್ಮ ಈಗ ವಿದ್ಯಾರಣ್ಯಪುರಂನಲ್ಲಿ, ಒಂದು ಮನೆಯ ಹಿತ್ತಲ ಕಡೆಯ ಒಂಟಿ ಕೋಣೆಯಲ್ಲಿದ್ದಳು. ತಿರುಮಕೂಡಲು ಕಡೆಯ ಬೇಸಾಯಗಾರರ ಮನೆಯ ಹೆಣ್ಣು. ಸೆಂಟ್ರಿಂಗ್ ಕೆಲಸದ ಗಂಡನ ಜೊತೆ ಮೈಸೂರಿಗೆ ಬಂದವಳು. ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಆಮೇಲೆ ಶ್ರೀರಾಂಪುರದ ಆ ಶೆಡ್ಡೇ ತಾಯಿ ಮಗಳ ಮನೆಯಾಗಿತ್ತು. ಈಗ ಹುಡುಗಿಯರ ಪಿ.ಜಿ.ಯೊಂದರಲ್ಲಿ ಬೆಳಗ್ಗೆ ಸಂಜೆ ಚಪಾತಿ ಲಟ್ಟಿಸುವ ಕೆಲಸ. ವಯಸ್ಸು ನಲವತ್ತೂ ತುಂಬಿರಲಿಲ್ಲ, ನೋಡಿದರೆ ಐವತ್ತು ಅನ್ನಬೇಕು.

ಸೌಮ್ಯಶ್ರೀ ಒಳಗೆ ಕಾಲಿಡುವ ಹೊತ್ತಿಗೆ ಚಾಪೆಯ ಮೇಲೆ ಎಲ್ಲ ಜೋಡಿಸಿಟ್ಟಿತ್ತು. ರೇಷನ್ ಕಾರ್ಡು, ಆಧಾರ್, ಪಿ.ಜಿ.ಯವರು ಬರೆದುಕೊಟ್ಟ ಚೀಟಿ, ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸ್. ವರದಿಯವರು ಏನು ನೋಡುತ್ತಾರೆ ಎಂದು ಮಂಗಳಮ್ಮನಿಗೆ ಬಾಯಿಪಾಠವಾಗಿತ್ತು. ಕೇಳುವ ಮೊದಲೇ ತೋರಿಸುತ್ತ ಹೋದಳು.

“ಕಿಟಕಿ ಎರಡವೆ. ನೀರು ಇಪ್ಪತ್ನಾಲ್ಕು ಗಂಟೇನೂ ಬತ್ತದೆ. ಇಲ್ನೋಡಿ, ಬಾಗ್ಲಿಗೆ ಒಳಗಡೆ ಮಾತ್ರ ಬೋಲ್ಟು. ಹೊರಗಡೆ ಚಿಲಕ ಕೀಳ್ಸಾಕ್ಬುಟ್ಟೆ.”

“ಮತ್ತೆ ಕೆಲಸಕ್ಕೆ ಹೋಗೋವಾಗ ಬೀಗ?”

“ಹಾಕಲ್ಲ. ಕದಿಯಕೆ ಏನದೆ ಇಲ್ಲಿ.” ಅವಳು ಸೌಮ್ಯಶ್ರೀಯ ಮುಖವನ್ನೇ ನೋಡಿದಳು. “ನಿಮ್ಮನ್ನ ನೋಡಿವ್ನಿ. ಶ್ರೀರಾಂಪುರಕ್ಕೆ ಬಂದಿದ್ರಿ ನೀವು. ಆಗ ಸಣ್ಣಕಿದ್ರಿ, ಕನ್ನಡಕ ಇರ್ನಿಲ್ಲ.”

ಸೌಮ್ಯಶ್ರೀ ಕಡತವನ್ನು ಮಡಿಲಿಗೆ ತೆಗೆದುಕೊಂಡಳು. ಹೌದು ಎಂದಳು. ಮೊದಲ ವರದಿ ಬರೆದವಳು ನಾನೇ, ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಾ ಎಂದು ಕೇಳಿದಳು. ಮಂಗಳಮ್ಮನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ. ಪ್ರತಿ ಸಲವೂ ‘ಈಗ ಆಗಲ್ಲ’ ಎಂಬ ಒಂದು ಮಾತು ಮಾತ್ರ ಕೈಗೆ ಬರುತ್ತಿತ್ತು. ಸೌಮ್ಯಶ್ರೀ ಕಡತ ಬಿಚ್ಚಿ ಒಂದೊಂದೇ ಸಾಲು ಓದಿದಳು.

“ಪ್ರವೃತ್ತಿ ಅಂದ್ರೇನವ್ವ?”

“ಅಂಥಾ ಗುಣ ಇದೆ ಅಂತ.”

“ಮಗೀನ ಬುಟ್ಟೋಗೋ ಗುಣವಾ?” ಮಂಗಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಗ್ತಿದ್ದೆ ಅಂತ್ಲೂ ಬರ್ದಿದೀರಲ್ಲ. ದೊಡ್ಡೋರು ಏನಾರ ಕೇಳುದ್ರೆ ನಂಗೆ ಅದೇ ಬರದು. ನಮ್ಮವ್ವಂಗೂ ಅಂಗೇ ಇತ್ತು. ಹೆದ್ರಿಕೆ ಆದಾಗ ಹಲ್ಲು ಕಾಣ್ತವೆ. ಅತ್ತಿದ್ರೆ ಮಗೀನ ಕೊಡ್ತಿದ್ರಾ?”

ಸೌಮ್ಯಶ್ರೀ ಆ ಸಾಲನ್ನು ಮತ್ತೆ ನೋಡಿದಳು. ಕೊಡುತ್ತಿದ್ದರೇನೋ. ಅತ್ತಿದ್ದರೆ ಆ ವಾಕ್ಯ ಬೇರೆ ಆಗುತ್ತಿತ್ತು, ಅಷ್ಟಂತೂ ನಿಜ.

“ನಾನು ಈ ಸಲ ನನ್ನ ಮಾತಲ್ಲಿ ಬರೆಯಲ್ಲ ಮಂಗಳಮ್ಮೋರೆ. ನೀವು ಹೇಳಿ, ನೀವು ಹೇಳಿದ ಹಾಗೇ ಬರ್ಕೋತೀನಿ. ಬರೆದಿದ್ದನ್ನ ಓದಿ ಹೇಳ್ತೀನಿ. ನಿಮಗೆ ಬೇಡ ಅನ್ನಿಸಿದ್ದು ಹೊಡೆದುಹಾಕೋಣ. ಆವತ್ತು ಎಲ್ಲಿಗೆ ಹೋಗಿದ್ರಿ?”

ಮಂಗಳಮ್ಮ ಅವತ್ತು ಹೇಳಲಿಲ್ಲ. ಟೀ ಮಾಡಿಕೊಟ್ಟು ಕಳಿಸಿದಳು. ಹೇಳಿದ್ದು ಮರುವಾರ, ಸೌಮ್ಯಶ್ರೀ ಮೂರನೆಯ ಸಲ ಹೋದಾಗ, ಪಿ.ಜಿ.ಯಿಂದ ತಂದ ಅವರೆಕಾಯಿ ಬಿಡಿಸುತ್ತ ತಲೆ ಎತ್ತದೆ.

“ಮದ್ವೆ ಛತ್ರಕ್ಕೆ ಪಾತ್ರೆ ತೊಳಿಯಕೆ ಓಗಿದ್ದೆ. ಊರಿನ ಆ ತುದೀಲಿ. ಕತ್ಲಾಗೋಷ್ಟ್ರಲ್ಲಿ ಬಂದ್ಬುಡ್ತೀನಿ ಅಂತ ಮಗೀಗೆ ಏಳಿದ್ದೆ. ಪಕ್ದ ಸೈಟಲ್ಲಿ ಕುಡ್ಕರು ಸೇರೋರು, ಅದ್ಕೇ ಬೀಗ ಹಾಕ್ತಿದ್ದದ್ದು. ಊಟ ಎಲ್ಲ ಆದ್ಮೇಲೆ ಗಂಡಿನ ಕಡೆಯೋರ ಬೆಳ್ಳಿ ಲೋಟ ಕಾಣ್ನಿಲ್ಲ ಅಂದ್ರು. ತೊಳಿಯಕೆ ನಾವು ಮೂರು ಜನ ಹೆಂಗಸ್ರು. ಇನ್ನಿಬ್ರು ಅಡುಗೆಯೋರಿಗೆ ಗೊತ್ತಿರೋರು. ನಾನು ಹೊಸಬ್ಳು. ಉಗ್ರಾಣಕ್ಕೆ ತಳ್ಳಿ ಚಿಲಕ ಹಾಕ್ಬುಟ್ರು.”

“ಮನೇಲಿ ಮಗು ಇದೆ ಅಂತ ಹೇಳ್ಲಿಲ್ವಾ?”

“ಏಳ್ದೆ. ಕ್ವಾಪ ಬಂದು ಬಾಗ್ಲು ಬಡ್ದೆ. ಕೂಗ್ಕಂಡು ಕೂಗ್ಕಂಡು ಗಂಟ್ಲು ಬಿದ್ದೋಯ್ತು. ಕಳ್ಳೀರೆಲ್ಲ ಮಗ ಅದೆ ಅಂತ್ಲೇ ಏಳದು ಅಂದ್ರು. ಬೆಳಿಗ್ಗೆ ಧಾರೆ ಮುಗ್ದು, ಊಟದ ಪಂಕ್ತಿ ಎದ್ದು, ಎಂಜಲೆಲೆ ಗುಡ್ಡೆ ಎತ್ತಾಕೋವಾಗ ಲೋಟ ಸಿಕ್ತು. ಆಮೇಲೆ ಬುಟ್ರು. ಏನೂ ಅನ್ಕೋಬ್ಯಾಡಮ್ಮ ಅಂತ ಕೈಗೆ ಎರಡು ಲಾಡು ಕೊಟ್ರು. ಮಗೀಗಾಯ್ತದೆ ಅಂತ ಈಸ್ಕಂಡೆ. ಬಂದ್ರೆ ಮನೆ ಮುಂದೆ ಪೊಲೀಸ್ನೋರು, ನೀವು.”

“ಇದನ್ನ ಆವತ್ತೇ ನನಗೆ ಹೇಳಬಹುದಿತ್ತಲ್ಲ...”

ಮಂಗಳಮ್ಮ ಮೊದಲ ಬಾರಿಗೆ ತಲೆ ಎತ್ತಿದಳು. “ಎಂಗೆ ಏಳ್ಲಿ? ನಿಮ್ ಪಕ್ಕ ಪೊಲೀಸ್ನೋರು ನಿಂತಿದ್ರು. ಕಳ್ತನ ಅನ್ನೋ ಮಾತು ನನ್ ಬಾಯಿಂದ ಬಂದ್ರೆ ಕಳ್ಳಿ ಅಂತ ಬರ್ಕತಿದ್ರಿ. ನನ್ ಮಗ ಸಾಯಗಂಟ ಕಳ್ಳಿ ಮಗ ಆಯ್ತಿತ್ತು. ಎಲ್ಲಿಗೋ ಓಗಿದ್ಲು ಅಂತ ಬರ್ಕಳ್ಳಿ, ನಾಕು ಬೈದು ಮಗೀನ ಕೊಟ್ಬುಡ್ತರೆ ಅನ್ಕಂಡೆ. ಆ ಮಾತಿಗೆ ಹೆದ್ರಿ ಈ ಮಾತಿಗೆ ಸಿಕ್ಕಾಕಂಡೆ.”

ಸೌಮ್ಯಶ್ರೀ ಅದನ್ನೆಲ್ಲ ಬರೆದುಕೊಂಡಳು. ಮನೆಗೆ ಹೋಗಿ ತಿದ್ದಿ ಶುದ್ಧ ಪ್ರತಿ ಮಾಡಿ ತಂದು ಓದಿ ಹೇಳಿದಳು. ಉಗ್ರಾಣದ ಭಾಗ ಬಂದಾಗ ಮಂಗಳಮ್ಮ ಕೈ ಅಡ್ಡ ಹಿಡಿದಳು.

“ಅದೇನು ಅಂದ್ರಿ? ಅಸಹಾಯಕ?”

“‘ನಾನು ಅಸಹಾಯಕಳಾಗಿದ್ದೆ’ ಅಂತ.”

“ಅಂಗಂತ ನಾನು ಏಳ್ನಿಲ್ಲ. ಕ್ವಾಪ ಬಂದಿತ್ತು ಅಂದೆ. ಬಾಗ್ಲು ಮುರಿಯೋ ಅಷ್ಟು ಕ್ವಾಪ.”

ಸೌಮ್ಯಶ್ರೀ ಆ ಪದ ಹೊಡೆದುಹಾಕಿದಳು. ಒಳ್ಳೆಯದಾಗಲಿ ಎಂದು ತಾನು ಸೇರಿಸಿದ ಪದವೂ ಇನ್ನೊಂದು ಹಣೆಪಟ್ಟಿಯೇ ಎಂದು ಅವಳಿಗೆ ನಾಚಿಕೆಯಾಯಿತು. ಮುಗಿಸುವ ಹೊತ್ತಿಗೆ ಹದಿನಾಲ್ಕು ಪುಟ ಆಯಿತು. ನಿಲಯಕ್ಕೆ ಮಗಳ ಭೇಟಿಗೆ ಹೋಗುವುದನ್ನು ಯಾಕೆ ಬಿಟ್ಟಿರಿ ಎಂಬುದಕ್ಕೂ ಅದರಲ್ಲಿ ಉತ್ತರವಿತ್ತು. ಮೊದಲ ಎರಡು ವರ್ಷ ತಿಂಗಳು ತಿಂಗಳು ಹೋದೆ, ಮಗು ಬಚ್ಚಿಟ್ಟುಕೊಳ್ಳುತ್ತಿತ್ತು, ನೀವು ಬಂದಾಗಲೆಲ್ಲ ಅದಕ್ಕೆ ಜ್ವರ ಬರುತ್ತದೆ ಎಂದು ಅಲ್ಲಿಯವರು ಹೇಳಿದರು, ಜ್ವರ ಬರುವುದು ಬೇಡ ಎಂದು ನಿಲ್ಲಿಸಿದೆ. ಕಡತದಲ್ಲಿ ಅದೇ ‘ತಾಯಿಗೆ ಆಸಕ್ತಿ ಕುಂದಿದೆ’ ಎಂದಾಗಿತ್ತು.

ಸೌಮ್ಯಶ್ರೀ ಛತ್ರಕ್ಕೂ ಹೋಗಿ ವಿಚಾರಿಸಿದಳು. ಮ್ಯಾನೇಜರ್ ಬದಲಾಗಿದ್ದರು. ಹಳೆಯ ಪುಸ್ತಕಗಳಿರಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಇನ್ನಿಬ್ಬರಲ್ಲಿ ಒಬ್ಬಳು ಸತ್ತು ನಾಲ್ಕು ವರ್ಷವಾಗಿತ್ತು, ಇನ್ನೊಬ್ಬಳು ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿರಲಿಲ್ಲ. ಮಂಗಳಮ್ಮನ ಮಾತಿಗೆ ಮಂಗಳಮ್ಮನೇ ಸಾಕ್ಷಿ.

ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸೌಮ್ಯಶ್ರೀ ಪವಿತ್ರಳನ್ನು ನೋಡಲು ನಿಲಯಕ್ಕೆ ಹೋದಳು. ಹುಡುಗಿ ತಾಯಿಗಿಂತ ಎತ್ತರ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಮಾತೂ ಅಷ್ಟೇ ಬಿಗಿ. ಭೇಟಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಹದಿನಾಲ್ಕು ಪುಟವನ್ನೂ ತಾನೇ ಓದಿದಳು. ಓದುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೊನೆಯ ಪುಟ ಮಡಿಸಿ ಮೇಜಿನ ಮೇಲಿಟ್ಟಳು.

ಸಮಾಧಾನವಾಗುತ್ತದೆ, ಅಳುತ್ತಾಳೆ, ಆಮೇಲೆ ಒಂದು ದಾರಿ ತೆರೆದುಕೊಳ್ಳುತ್ತದೆ ಎಂದೇ ಸೌಮ್ಯಶ್ರೀ ಒಳಗೊಳಗೆ ಕಾದಿದ್ದಳು.

“ಇದು ನಿಜಾನಾ ಮೇಡಂ?”

“ನಿನ್ನ ಅಮ್ಮ ಹೇಳಿರೋದು. ನಾನು ನಂಬ್ತೀನಿ.”

“ಅಮ್ಮ ಬಿಟ್ಟೋದ್ಳು ಅಂತ ಇಲ್ಲಿ ಮಿಸ್ ಹೇಳಿದ್ರು. ಸ್ಕೂಲಲ್ಲೂ ಹಂಗೇ ಹೇಳಿದ್ರು. ಪ್ರತಿ ವರ್ಷ ಕೌನ್ಸೆಲಿಂಗಲ್ಲಿ ನನ್ನ ಬಾಯಲ್ಲೇ ಹೇಳಿಸ್ತಿದ್ರು, ‘ಅಮ್ಮ ಬಿಟ್ಟೋಗಿದ್ದು ನನ್ನ ತಪ್ಪಲ್ಲ’ ಅಂತ. ಹಂಗೆ ಹೇಳ್ಕೊಂಡು ಹೇಳ್ಕೊಂಡೇ ನಾನು ನಿದ್ದೆ ಮಾಡೋದು ಕಲ್ತಿದ್ದು. ಓದಿದ್ದೂ ಅದರ ಮೇಲಿನ ಛಲಕ್ಕೇ.” ಅವಳ ದನಿ ಏರಲಿಲ್ಲ. “ಈಗ ಬಿಟ್ಟೋಗಿರ್ಲೇ ಇಲ್ಲ ಅಂತೀರ. ಹಂಗಾದ್ರೆ ಅವ್ರು ನೋಡಕ್ಕೆ ಬಂದಾಗೆಲ್ಲ ನಾನು ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡು ಕೂತಿರ್ತಿದ್ನಲ್ಲ, ಅದು ಯಾರ ತಪ್ಪು?”

“ನಿಂದಲ್ಲ. ಮೊದಲ ವರದಿ ಬರೆದೋಳು ನಾನು. ‘ತೊರೆಯುವ’ ಅನ್ನೋ ಮಾತು ನನ್ನದು.”

ಪವಿತ್ರ ಅವಳನ್ನು ದಿಟ್ಟಿಸಿದಳು. ಹೊರಗೆ ಅಡುಗೆಮನೆಯ ಕಡೆಯಿಂದ ತಟ್ಟೆಗಳ ಸದ್ದು ಬರುತ್ತಿತ್ತು.

“ಆಗ ನೀವು ಬರ್ದಿದ್ದನ್ನ ಎಲ್ಲಾರೂ ನಂಬಿದ್ರು” ಎಂದಳು. “ಈಗ ಬರ್ದಿರೋದನ್ನೂ ನಂಬಬೇಕಾ? ನಾಳೆ ಇನ್ನೊಬ್ರು ಬಂದು ಮತ್ತೊಂದು ಬರ್ಕೊಂಡು ಬಂದ್ರೆ?”

ಏಪ್ರಿಲ್ ಕೊನೆಯಲ್ಲಿ ಸಮಿತಿ ಕೂತಿತು. ಅಧ್ಯಕ್ಷರು ರುದ್ರಸ್ವಾಮಿ, ನಿವೃತ್ತ ಹೆಡ್‌ಮಾಸ್ಟರು, ಸಾವಧಾನದ ಮನುಷ್ಯ. ಹದಿನಾಲ್ಕು ಪುಟವನ್ನೂ ಓದಿಕೊಂಡೇ ಬಂದಿದ್ದರು.

“ಇದು ತಾಯಿಯ ಮಾತು ಆಯ್ತಮ್ಮ. ನಿಮ್ಮ ಅಭಿಪ್ರಾಯ ಎಲ್ಲಿ? ನಮೂನೆಯಲ್ಲಿ ಅಭಿಪ್ರಾಯದ ಜಾಗ ಖಾಲಿ ಬಿಟ್ಟಿದೀರಿ.”

“ಸರ್, ಈ ಕಡತದ ಮೊದಲ ಅಭಿಪ್ರಾಯ ನನ್ನದೇ. ಅದು ತಪ್ಪು. ಅದನ್ನ ಆಧಾರ ಮಾಡಿಕೊಂಡೇ ಉಳಿದ ನಾಲ್ಕೂ ವರದಿ ಬಂದಿವೆ. ಅದನ್ನ ಹಿಂತೆಗೆದುಕೊಳ್ತೀನಿ, ಕಡತದಿಂದ ತೆಗೆಸಿಕೊಡಿ ಅಂತ ಬರೆದುಕೊಟ್ಟಿದೀನಿ.”

ರುದ್ರಸ್ವಾಮಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನಿಮ್ಮ ಧೈರ್ಯ ಮೆಚ್ಚಬೇಕು. ಆದ್ರೆ ಕಡತದಿಂದ ಏನನ್ನೂ ತೆಗೆಯೋ ಹಾಗಿಲ್ಲಮ್ಮ. ಸೇರಿಸಬಹುದು ಅಷ್ಟೇ.” ಆಮೇಲೆ ಪವಿತ್ರಳ ಕಡೆ ತಿರುಗಿ, “ಇನ್ನು ಮೂರು ತಿಂಗಳಿಗೆ ನಿನಗೆ ಹದಿನೆಂಟು. ನಾವು ಹೇಳೋದಕ್ಕಿಂತ ನೀನು ಹೇಳೋದು ಮುಖ್ಯ. ಹೆದರ್ಕೋಬೇಡ, ಹೇಳಮ್ಮ. ಅಮ್ಮನ ಜೊತೆ ಹೋಗ್ತೀಯ?”

ಮಂಗಳಮ್ಮ ಗೋಡೆಯ ಪಕ್ಕದ ಬೆಂಚಿನಲ್ಲಿದ್ದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಪವಿತ್ರ ಅತ್ತ ನೋಡಲಿಲ್ಲ.

“ಬೇಡ ಸರ್.”

“ಯಾಕೆ ಅಂತ ಹೇಳ್ತೀಯ?”

“ಅವರು ನನಗೆ ಗೊತ್ತಿಲ್ಲ.”

ನಿಮಗೆ ಏನಾದರೂ ಹೇಳುವುದಿದೆಯೇ ಎಂದು ರುದ್ರಸ್ವಾಮಿ ತಾಯಿಯನ್ನು ಕೇಳಿದರು. ಮಂಗಳಮ್ಮ ಎದ್ದು ನಿಂತಳು. “ಅವ್ಳು ಏಳ್ದಂಗೇ ಬರ್ಕಳ್ಳಿ ಸ್ವಾಮಿ” ಎಂದು ಮತ್ತೆ ಕೂತಳು. ಹದಿನೆಂಟು ತುಂಬುವವರೆಗೆ ನಿಲಯದಲ್ಲೇ, ಆಮೇಲೆ ಹುಡುಗಿಯರ ಹಾಸ್ಟೆಲಿಗೆ ಎಂದು ಆದೇಶವಾಯಿತು. ಹದಿನಾಲ್ಕು ಪುಟಗಳಿಗೆ ಅನುಬಂಧ ಎಂದು ನಂಬರು ಹಾಕಿ ಕಡತದ ಹಿಂದಕ್ಕೆ ಹೊಲಿದರು.

ಅದಾದ ಮೇಲೂ ಸೌಮ್ಯಶ್ರೀ ವಿದ್ಯಾರಣ್ಯಪುರಂಗೆ ಹೋಗುವುದನ್ನು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಹೋಗಿ ಕೂರುತ್ತಿದ್ದಳು. ಪವಿತ್ರಳಿಗೆ ಫಸ್ಟ್ ಕ್ಲಾಸ್ ಬಂತು ಎಂದು ಹೇಳಿದಳು. ಜುಲೈನಲ್ಲಿ ಹಾಸ್ಟೆಲಿಗೆ ಹೋದಳು, ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ, ಸಂಜೆ ಕಾಲೇಜು ಎಂದು ಹೇಳಿದಳು. ಮಂಗಳಮ್ಮ ಎಲ್ಲಕ್ಕೂ “ಹೂಂ, ಒಳ್ಳೇದಾಯ್ತು ಬುಡಿ” ಅನ್ನುತ್ತಿದ್ದಳು. ಹೆಚ್ಚು ಕೇಳುತ್ತಿರಲಿಲ್ಲ.

ಆಗಸ್ಟಿನ ಒಂದು ಭಾನುವಾರ ಪವಿತ್ರ ತಾನಾಗಿಯೇ ಸೌಮ್ಯಶ್ರೀಗೆ ಫೋನ್ ಮಾಡಿದಳು. “ಆ ಛತ್ರ ಎಲ್ಲಿದೆ ಮೇಡಂ? ನೋಡ್ಬೇಕು.”

ಸೌಮ್ಯಶ್ರೀ ಸ್ಕೂಟರಿನಲ್ಲಿ ಕರೆದುಕೊಂಡು ಹೋದಳು. ಆಷಾಢ ಮುಗಿದಿದ್ದರೂ ಅಂದು ಮದುವೆ ಇರಲಿಲ್ಲ. ಕಾವಲುಗಾರ ಚಿಕ್ಕಬಸವಯ್ಯ ಎಂಬ ಮುದುಕ, ಬುಕಿಂಗಿಗೆ ಬಂದವರೆಂದುಕೊಂಡು ಎಲ್ಲ ಬೀಗ ತೆರೆದುಕೊಟ್ಟ. ಊಟದ ಹಾಲು ದಾಟಿದರೆ ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ಉಗ್ರಾಣ. ಮೇಲೆ ಒಂದು ಗವಾಕ್ಷಿ, ಕೆಳಗೆ ಮಡಿಸಿಟ್ಟ ಶಾಮಿಯಾನ, ಹಿತ್ತಾಳೆಯ ಕೊಳಗಗಳು. ಪವಿತ್ರ ಒಳಗೆ ಹೋಗಿ ನಿಂತಳು.

“ಹೊರಗಿಂದ ಚಿಲಕ ಹಾಕಿ ಮೇಡಂ. ನಾನು ಹೇಳೋವರ್ಗೂ ತೆಗೀಬೇಡಿ.”

ಸೌಮ್ಯಶ್ರೀ ಹಿಂದೆಮುಂದೆ ನೋಡಿದಳು. ಹುಡುಗಿ ಕೇಳಿದ ಹಾಗೆ ಮಾಡಬೇಕು, ತನ್ನ ಮಾತು ಹೇರಬಾರದು ಎಂದುಕೊಂಡು ಕದ ಎಳೆದು ಚಿಲಕ ಹಾಕಿದಳು. ಐದು ನಿಮಿಷವಾಯಿತು, ಹತ್ತಾಯಿತು. ಆಮೇಲೆ ಒಳಗಿನಿಂದ ಒಂದು ದನಿ ಬಂತು. ಕೂಗಲ್ಲ, ಸಾಮಾನ್ಯವಾಗಿ ಮಾತಾಡುವಷ್ಟೇ ದನಿ: “ಕೇಳುತ್ತಾ?”

“ಕೇಳುತ್ತೆ.”

ಚಿಲಕ ತೆಗೆದಾಗ ಪವಿತ್ರ ಬಾಗಿಲಿಗೇ ಅಂಟಿಕೊಂಡು ನಿಂತಿದ್ದಳು. “ಇಷ್ಟು ಮೆತ್ತಗೆ ಅಂದ್ರೂ ಕೇಳುತ್ತೆ” ಎಂದಳು. “ಅವತ್ತು ಇಲ್ಲಿದ್ದೋರಿಗೆಲ್ಲ ಕೇಳಿಸಿದೆ.” ಹಾಸ್ಟೆಲಿನ ಮುಂದೆ ಇಳಿಯುವಾಗ, “ಇಲ್ಲಿಂದ ವಿದ್ಯಾರಣ್ಯಪುರಕ್ಕೆ ಯಾವ ಬಸ್ಸು?” ಎಂದು ಕೇಳಿದಳು. ಸೌಮ್ಯಶ್ರೀ ಹೇಳಿದಳು. ಹುಡುಗಿ ತಲೆಯಾಡಿಸಿ, ಯಾವತ್ತು ಹೋಗುತ್ತೇನೆ ಎಂದು ಹೇಳದೆ ಒಳಗೆ ಹೋದಳು.

ಸೌಮ್ಯಶ್ರೀಗೆ ತಡೆದುಕೊಳ್ಳಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಗಿತ್ತು. ನೇರ ಮಂಗಳಮ್ಮನ ಮನೆಗೆ ಹೋದಳು. ಮಂಗಳಮ್ಮ ಪಿ.ಜಿ.ಗೆ ಹೊರಡುತ್ತಿದ್ದಳು. ಸೌಮ್ಯಶ್ರೀ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು: ಮಗಳು ಫೋನ್ ಮಾಡಿದ್ದು, ಛತ್ರ, ಉಗ್ರಾಣ, ಚಿಲಕ, ಆಮೇಲೆ ಬಸ್ಸಿನ ವಿಷಯ ಕೇಳಿದ್ದು.

ಮಂಗಳಮ್ಮ ಬಸ್ಸಿನ ಮಾತಿಗೆ ಕಿವಿಗೊಡಲೇ ಇಲ್ಲ.

“ಆ ಕೋಣೆಗೆ ಕರ್ಕಂಡು ಓದ್ರಾ?”

“ಅವಳೇ ಕೇಳಿದ್ಲು ಮಂಗಳಮ್ಮೋರೆ. ಅವಳಿಗೇ ನೋಡ್ಬೇಕು ಅನ್ನಿಸಿತ್ತು.”

“ಒಳ್ಗೆ ಬುಟ್ಟು ಚಿಲಕ ಹಾಕುದ್ರಾ? ನೀವು? ನಿಮ್ ಕೈಯಾರ?” ಮಂಗಳಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅಲ್ಲಿ ಏನಿತ್ತು ಅಂತ ನಿಮಗೆ ಗೊತ್ತಾ? ಇಡೀ ರಾತ್ರಿ ನಾನು ನನ್ ಮಗ ಕತ್ಲಲ್ಲಿ ಎಂಗಿದ್ದದೋ ಅಂತ ಗ್ವಾಡೆಗೆ ತಲೆ ಚಚ್ಕಂಡಿದ್ದೆ. ಆ ಕೋಣೇಲಿ ನನ್ ಮಗೀನೇ ನಿಲ್ಸಿ ಬಾಗ್ಲಾಕುದ್ರಲ್ಲವ್ವ.”

ಸೌಮ್ಯಶ್ರೀ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಮಂಗಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಮಾತಾಡಿದಾಗ ಕೋಪ ಇಳಿದಿತ್ತು; ಬಳಲಿಕೆ ಮಾತ್ರ ಉಳಿದಿತ್ತು. “ನೀವು ಕೆಟ್ಟೋರು ಅಂತ ನಾನು ಏಳಾಕಿಲ್ಲ. ನನ್ ಮಾತು ಕೇಳ್ದೋರು ನೀವೊಬ್ರೇ. ಆದ್ರೆ ನೀವು ಬಂದಾಗೆಲ್ಲ ನಾನು ಅದ್ನ ತಿರ್ಗಾ ಏಳ್ಬೇಕು, ತಿರ್ಗಾ ಕೇಳ್ಬೇಕು. ಏಳಿ ಏಳಿ ಅದು ಯಾರ್ದೋ ಕತೆ ಅನ್ನಂಗಾಗದೆ. ಅವ್ಳು ಬರಂಗಿದ್ರೆ ಬರ್ಲಿ, ಬರ್ದಿದ್ರೆ ಇಲ್ಲ. ನೀವಿನ್ನು ಬರಬ್ಯಾಡಿ ಕಣವ್ವ.”

“ನಿಮಗೆ ಏನಾದ್ರೂ ಬೇಕಾದ್ರೆ...”

“ಬ್ಯಾಡ.”

ಅವಳು ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಹಾಗೇ ಮುಂದೆ ಮಾಡಿ, ಬಿರಬಿರನೆ ರಸ್ತೆಯ ಕಡೆ ನಡೆದಳು. ತಡವಾದರೆ ಪಿ.ಜಿ.ಯವರು ಗೊಣಗುತ್ತಾರೆ.

ಸೌಮ್ಯಶ್ರೀ ಮತ್ತೆ ಆ ಕಡೆ ಹೋಗಲಿಲ್ಲ. ನಡೆದದ್ದನ್ನು ಗಿರಿಜಾಂಬಾ ಅವರಿಗೆ ಹೇಳಿದಾಗ ಅವರು, “ಅವರು ನಿನಗೆ ಕೊಟ್ಟ ಮೊದಲ ಅಪ್ಪಣೆ ಅದು. ಪಾಲಿಸು” ಎಂದರಷ್ಟೇ. ಪವಿತ್ರಳೂ ಮತ್ತೆ ಫೋನ್ ಮಾಡಲಿಲ್ಲ. ಅವಳು ಆ ಬಸ್ಸು ಹತ್ತಿದಳೋ ಇಲ್ಲವೋ, ಹತ್ತಿದ್ದರೆ ಆ ಹಿತ್ತಲ ಕೋಣೆಯಲ್ಲಿ ತಾಯಿ ಮಗಳು ಏನು ಮಾತಾಡಿಕೊಂಡರೋ ಸೌಮ್ಯಶ್ರೀಗೆ ಗೊತ್ತಾಗಲಿಲ್ಲ. ದಸರೆಗೆ ಬಟ್ಟೆ ತರಲು ಹೋದಾಗ ಒಮ್ಮೆ ಪವಿತ್ರ ಕೆಲಸ ಮಾಡುವ ಅಂಗಡಿಯ ಮೆಟ್ಟಿಲವರೆಗೆ ಹೋದಳು. ಗಾಜಿನ ಆಚೆ ಬಿಲ್ಲಿಂಗ್ ಕೌಂಟರಿನಲ್ಲಿ ಹುಡುಗಿ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಮುಖ ಸರಿಯಾಗಿ ಕಾಣಲಿಲ್ಲ. ಸೌಮ್ಯಶ್ರೀ ಒಂದು ಗಳಿಗೆ ನಿಂತು, ಇನ್ನೊಂದು ಅಂಗಡಿಗೆ ಹೋದಳು.